ಇಡ್ಲಿ ನಿರಪರಾಧಿ, ಚಟ್ನಿ?

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ತಾಲ್ಲೂಕು ಕೇಂದ್ರವೊಂದರ ಬಸ್ ನಿಲ್ದಾಣದ ಎದುರಿಗಿರುವ ಹೋಟೆಲು. ಅಪ್ಪ, ಅಮ್ಮ, ಒಂಬತ್ತನೇ ತರಗತಿಯ ಮಗಳು, ಐದನೇ ತರಗತಿಯ ಮಗ ಮೂಲೆಯ ಮೇಜು ಹಿಡಿದು ಕುಳಿತಿದ್ದಾರೆ. ತಿಂಗಳಿಗೊಮ್ಮೆ, ಸಂಬಳವಾದ ನಂತರದ ಮೊದಲ ಭಾನುವಾರ, ಈ ಮನೆಯವರು ಹೋಟೆಲಿಗೆ ಬರುವುದು ವಾಡಿಕೆ. ಇಡ್ಲಿ-ವಡೆ ಬಂತು, ಮಸಾಲೆದೋಸೆ ಬಂತು, ಅಪ್ಪ-ಅಮ್ಮನಿಗೆ ಬೈಟು ಕಾಫಿಯೂ ಆಯಿತು. ಹೊರಡುವಾಗ ಮನೆಯಲ್ಲಿದ್ದ ಅಜ್ಜಿಗೆಂದು ಎರಡು ಪ್ಲೇಟ್ ಇಡ್ಲಿ ಕಟ್ಟಿಸಿಕೊಂಡರು. ಇಡ್ಲಿ ಬಾಳೆಲೆಯಲ್ಲಿ, ಅದರ ಮೇಲೆ ಹಳೆಯ ಪತ್ರಿಕೆಯ ಹಾಳೆ. ಚಟ್ನಿ ಪುಟ್ಟದೊಂದು ಪ್ಲಾಸ್ಟಿಕ್ ಕವರಿನಲ್ಲಿ.

ಅಂದು ಏಕಾದಶಿ ಎಂಬುದು ನೆನಪಾದದ್ದು ಮನೆಗೆ ಬಂದ ಮೇಲೆ. ಅಜ್ಜಿ ಪೊಟ್ಟಣ ಮುಟ್ಟಲಿಲ್ಲ. ಅದು ಅಡುಗೆಮನೆಯ ಕಟ್ಟೆಯ ಮೇಲೆ ಹಾಗೆಯೇ ಉಳಿಯಿತು. ಸಂಜೆ ನಾಲ್ಕಕ್ಕೆ ಕ್ರಿಕೆಟ್ ಆಡಿ ಬಂದ ಮಗನಿಗೆ ಹಸಿವು. ಅಮ್ಮ ಇಡ್ಲಿಯನ್ನು ಮತ್ತೊಮ್ಮೆ ಹಬೆಯಲ್ಲಿಟ್ಟು ಬಿಸಿ ಮಾಡಿದರು. ಚಟ್ನಿಯನ್ನು ಮೂಸಿ ನೋಡಿದರು. ಹಳಸಿದ ವಾಸನೆಯೇನೂ ಬರಲಿಲ್ಲ. ಹುಡುಗ ನಾಲ್ಕು ಇಡ್ಲಿಯನ್ನೂ ಚಟ್ನಿಯಲ್ಲಿ ಅದ್ದಿ ಮುಗಿಸಿದ. ಏಳು ಗಂಟೆಯ ಹೊತ್ತಿಗೆ ಹೊಟ್ಟೆ ತೊಳಸಿ ವಾಂತಿ ಶುರುವಾಯಿತು.

"ಹೋಟ್ಲು ತಿಂಡಿ ಬೇಡ ಅಂತ ಎಷ್ಟು ಸಲ ಬಡ್ಕೊಂಡೆ. ನನ್ನ ಮಾತು ಯಾರಿಗೆ ಬೇಕು?" ಎಂದು ಅಜ್ಜಿ. "ನಾಳೆ ಬೆಳಿಗ್ಗೆ ಹೋಗಿ ಆ ಹೋಟ್ಲಿನವರನ್ನ ವಿಚಾರಿಸ್ಕೋತೀನಿ" ಎಂದು ಅಪ್ಪ. ಅಮ್ಮ ಮಾತಾಡದೆ ಮಗನನ್ನು ಕರೆದುಕೊಂಡು ಪಕ್ಕದ ಬೀದಿಯ ವೈದ್ಯರ ಬಳಿಗೆ ಹೊರಟರು. ಅಕ್ಕನೂ ಜೊತೆಗೆ ಹೋದಳು.

ಕೇಳಬೇಕಾದ ಪ್ರಶ್ನೆಗಳು

ವೈದ್ಯರು ಹುಡುಗನ ನಾಲಗೆ ನೋಡಿ, ಹೊಟ್ಟೆ ಒತ್ತಿ ನೋಡಿ, ಓಆರ್‌ಎಸ್ ಪುಡಿ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಲು ಹೇಳಿದರು. ಆಮೇಲೆ ಮೂರು ಪ್ರಶ್ನೆ ಕೇಳಿದರು. ಏನು ತಿಂದ? ಎಷ್ಟು ಗಂಟೆಗೆ ತಿಂದ? ಅದನ್ನೇ ಇನ್ನು ಯಾರು ಯಾರು ತಿಂದರು?

ಮೊದಲನೆಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಉಳಿದೆರಡನ್ನು ಕೇಳುವವರು ಕಡಿಮೆ. 1854ರಲ್ಲಿ ಲಂಡನ್ನಿನ ಸೋಹೊ ಬಡಾವಣೆಯಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯ ಇಂಥ ಪ್ರಶ್ನೆಗಳನ್ನೇ ಹಿಡಿದು ಮನೆಮನೆ ತಿರುಗಿದ. ಸತ್ತವರು ಎಲ್ಲಿಯ ನೀರು ಕುಡಿದಿದ್ದರು, ಬದುಕಿದವರು ಎಲ್ಲಿಯದು ಕುಡಿದಿದ್ದರು ಎಂದು ವಿಚಾರಿಸಿ, ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನತ್ತ ಬೊಟ್ಟು ಮಾಡಿದ. ಕಾಲರಾ ರೋಗಾಣುವಿನ ಸಂಗತಿ ಆಗಿನ ವೈದ್ಯಲೋಕಕ್ಕೆ ತಿಳಿದಿರಲಿಲ್ಲ. ಆದರೂ ಸರಿಯಾದ ಪ್ರಶ್ನೆಗಳು ಅವನನ್ನು ಸರಿಯಾದ ಜಾಗಕ್ಕೆ ಒಯ್ದವು.

ಹುಡುಗನ ಅಕ್ಕ ಆ ರಾತ್ರಿ ರಫ್ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಪಟ್ಟಿ ಮಾಡಿದಳು. ಬೆಳಿಗ್ಗೆ ಒಂಬತ್ತಕ್ಕೆ ಹೋಟೆಲಿನಲ್ಲಿ ತಿಂದವರು ನಾಲ್ವರು. ಅವರಲ್ಲಿ ಮೂವರು ಆರೋಗ್ಯವಾಗಿದ್ದಾರೆ. ಮಧ್ಯಾಹ್ನ ಮನೆಯ ಊಟವನ್ನೂ ನಾಲ್ವರು ಮಾಡಿದ್ದರು. ಅಲ್ಲಿಯೂ ಮೂವರು ಆರೋಗ್ಯವಾಗಿದ್ದಾರೆ. ಸಂಜೆ ನಾಲ್ಕಕ್ಕೆ ಪೊಟ್ಟಣದ ಇಡ್ಲಿ-ಚಟ್ನಿ ತಿಂದವನು ಒಬ್ಬನೇ. ವಾಂತಿಯಾದದ್ದೂ ಅವನೊಬ್ಬನಿಗೇ, ಅದೂ ಮೂರೇ ಗಂಟೆಯಲ್ಲಿ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡದೆ ಇದು ಸಾಬೀತಾಯಿತು ಎನ್ನುವಂತಿಲ್ಲ. ಆದರೆ ಅನುಮಾನದ ಮುಳ್ಳು ಹೋಟೆಲಿನ ಮೇಜಿನಿಂದ ಮನೆಯ ಅಡುಗೆ ಕಟ್ಟೆಯ ಕಡೆಗೆ ತಿರುಗಿತು.

ಹಬೆಯ ಬಲ

ಮೊದಲು ಇಡ್ಲಿಯನ್ನು ವಿಚಾರಣೆಗೆ ನಿಲ್ಲಿಸಬಹುದು. ಇಡ್ಲಿಯ ಹಿಟ್ಟು ಬ್ಯಾಕ್ಟೀರಿಯಾಗಳ ಊರೇ ಸರಿ. ಉದ್ದಿನಬೇಳೆಯ ಜೊತೆಗೆ ಬರುವ ಲ್ಯೂಕೊನೊಸ್ಟಾಕ್ ಮೊದಲಾದ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ಹಿಟ್ಟಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುತ್ತವೆ. ಉದ್ದಿನ ಲೋಳೆ ಆ ಅನಿಲವನ್ನು ಗುಳ್ಳೆಗಳಾಗಿ ಹಿಡಿದಿಡುತ್ತದೆ. ಹಿಟ್ಟು ಉಬ್ಬುತ್ತದೆ, ಹುಳಿಯಾಗುತ್ತದೆ. ಈ ಹುಳಿಯಿಂದಲೇ ರೋಗ ತರುವ ಹಲವು ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಬೇರೂರಲು ಕಷ್ಟ. ಎಲ್ಲ ಬ್ಯಾಕ್ಟೀರಿಯಾಗಳೂ ಶತ್ರುಗಳಲ್ಲ ಎನ್ನುವುದಕ್ಕೆ ಇಡ್ಲಿಗಿಂತ ರುಚಿಯಾದ ಸಾಕ್ಷಿ ಇನ್ನೊಂದಿಲ್ಲ.

ಆಮೇಲೆ ಬರುತ್ತದೆ ಹಬೆ. ಕುದಿಯುವ ನೀರಿಗಿಂತ ಹಬೆಯ ಸುಟ್ಟಗಾಯ ಏಕೆ ಹೆಚ್ಚು ತೀವ್ರ ಎಂಬ ಪ್ರಶ್ನೆಗೆ ಒಂಬತ್ತನೇ ತರಗತಿಯ ಮಕ್ಕಳು ಉತ್ತರ ಬರೆಯುತ್ತಾರೆ. ಒಂದು ಗ್ರಾಂ ಕುದಿನೀರು 100 ಡಿಗ್ರಿಯಿಂದ ಮೈಯ ಉಷ್ಣತೆಯಾದ 37 ಡಿಗ್ರಿಗೆ ಇಳಿಯುವಾಗ 63 ಕ್ಯಾಲೊರಿ ಶಾಖ ಕೊಡುತ್ತದೆ. ಒಂದು ಗ್ರಾಂ ಹಬೆ ಮೊದಲು ನೀರಾಗುವಾಗಲೇ ಸುಮಾರು 540 ಕ್ಯಾಲೊರಿ ಕೊಟ್ಟು, ಆಮೇಲೆ ಆ 63ನ್ನೂ ಕೊಡುತ್ತದೆ. ಹೆಚ್ಚುಕಡಿಮೆ ಒಂಬತ್ತೂವರೆ ಪಟ್ಟು! ಇದೇ ಗುಪ್ತೋಷ್ಣ. ಹಬೆ ಇಡ್ಲಿಯ ಮೈಮೇಲೆ ನೀರಾಗುತ್ತ ಈ ಶಾಖವನ್ನೆಲ್ಲ ಅದರೊಳಕ್ಕೆ ಇಳಿಸುತ್ತದೆ. ಹತ್ತು ಹನ್ನೆರಡು ನಿಮಿಷದ ಈ ಸ್ನಾನದಲ್ಲಿ ಬದುಕುಳಿಯುವ ಬ್ಯಾಕ್ಟೀರಿಯಾ ಅಪರೂಪ. ಬೀಜಕಣಗಳ ರೂಪದಲ್ಲಿ ಒಂದೆರಡು ಉಳಿದರೂ, ಬಿಸಿಬಿಸಿ ಇಡ್ಲಿಯಲ್ಲಿ ಅವು ಮೊಳೆತು ಬೆಳೆಯಲು ಸಮಯವೇ ಇರುವುದಿಲ್ಲ.

ಹೀಗಾಗಿ ಹಬೆಯಿಂದ ಈಗಷ್ಟೇ ಇಳಿದ ಇಡ್ಲಿ ನಿರಪರಾಧಿ. ಒಂದು ಷರತ್ತು ಮಾತ್ರ ಉಂಟು. ತಟ್ಟೆಯ ಮೇಲೆ ಹಾಸುವುದು ಬಟ್ಟೆಯಾಗಿರಬೇಕು. 2025ರ ಫೆಬ್ರುವರಿಯಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು 251 ಕಡೆ ಪರೀಕ್ಷಿಸಿದಾಗ 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದುದು ಕಂಡುಬಂದಿತ್ತು. ಕುದಿಯುವ ಹಬೆಯಲ್ಲಿ ಪ್ಲಾಸ್ಟಿಕ್ಕಿನ ರಾಸಾಯನಿಕಗಳು ಇಡ್ಲಿಗೆ ಸೇರಬಹುದೆಂಬ ಕಾರಣಕ್ಕೆ ಸರ್ಕಾರ ಅದನ್ನು ನಿಲ್ಲಿಸಲು ಮುಂದಾಯಿತು.

ಕಾವಲಿ ಮತ್ತು ಪೊರಕೆ

ದೋಸೆ ಹುಯ್ಯುವವರು ಕಾವಲಿಯ ಮೇಲೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುವುದನ್ನು ಕಂಡು ಮೂಗು ಮುರಿಯುವ ತಾಯಂದಿರಿದ್ದಾರೆ. ಆ ಪೊರಕೆ ಬಹುಮಟ್ಟಿಗೆ ನಿರಪರಾಧಿಯೇ. ದೋಸೆಗಾಗಿಯೇ ಬೇರೆ ಇಟ್ಟಿರುವ ತೆಂಗಿನ ಕಡ್ಡಿಯ ಪೊರಕೆ ಅದು. ನೀರು ಕುದಿಯುವ ಉಷ್ಣತೆಯನ್ನು ಎಷ್ಟೋ ಮೀರಿ ಕಾದ ಕಬ್ಬಿಣದ ಮೇಲೆ ದಿನವಿಡೀ ಆಡುತ್ತದೆ.

ಆ ನೀರು ಏಕೆ? ದೋಸೆಯ ಹಿಟ್ಟು ಅತಿ ಕಾದ ಕಾವಲಿಗೆ ಬಿದ್ದರೆ ಬಿದ್ದಲ್ಲೇ ಗಟ್ಟಿಯಾಗಿ, ತೆಳ್ಳಗೆ ಹರಡಲು ಬರುವುದಿಲ್ಲ. ಕಾವನ್ನು ಇಳಿಸಬೇಕು. ಗುಪ್ತೋಷ್ಣ ಇಲ್ಲಿ ತಿರುಗುಮುರುಗಾಗಿ ಕೆಲಸ ಮಾಡುತ್ತದೆ. 30 ಡಿಗ್ರಿಯ ಒಂದು ಗ್ರಾಂ ನೀರು 100 ಡಿಗ್ರಿಗೆ ಏರಲು 70 ಕ್ಯಾಲೊರಿ, ಆವಿಯಾಗಲು 540 ಕ್ಯಾಲೊರಿ, ಒಟ್ಟು 610 ಕ್ಯಾಲೊರಿಯನ್ನು ಕಾವಲಿಯಿಂದ ಕಿತ್ತುಕೊಳ್ಳುತ್ತದೆ. ಚಿಮುಕಿಸಿದ ನೀರು 20 ಗ್ರಾಂ ಎಂದುಕೊಂಡರೆ 12,200 ಕ್ಯಾಲೊರಿ. ಒಂದು ಲೋಟ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಒಂದೇ "ಚುಂಯ್" ಸದ್ದಿನಲ್ಲಿ ಹಾರಿಹೋಗುತ್ತದೆ!

ನೀರಿನ ಹನಿ ಚುಂಯ್‌ಗುಡದೆ ಪಾದರಸದ ಗುಂಡಿನಂತೆ ಕಾವಲಿಯ ಮೇಲೆ ಓಡಾಡಿದರೆ ಕಾವು ಮಿತಿಮೀರಿದೆ ಎಂದು ದೋಸೆಯವರಿಗೆ ಗೊತ್ತು. ಕಾವಲಿ ಸುಮಾರು 200 ಡಿಗ್ರಿ ಮುಟ್ಟಿದಾಗ ಹನಿಯ ತಳದಲ್ಲಿ ಆವಿಯ ತೆಳು ಪದರ ಮೂಡಿ, ಹನಿ ಅದರ ಮೇಲೆ ತೇಲುತ್ತದೆ. ಆವಿ ಒಳ್ಳೆಯ ಶಾಖವಾಹಕವಲ್ಲ. ಆದ್ದರಿಂದ ಹೆಚ್ಚು ಕಾದ ಕಬ್ಬಿಣದ ಮೇಲೆ ಹನಿ ಹೆಚ್ಚು ಹೊತ್ತು ಬದುಕುತ್ತದೆ. ಜರ್ಮನಿಯ ವೈದ್ಯ ಯೋಹಾನ್ ಗಾಟ್ಲೋಬ್ ಲೈಡೆನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರಿಸಿ ಬರೆದ. ಇಂದಿಗೂ ಇದಕ್ಕೆ ಅವನದೇ ಹೆಸರು. ದೋಸೆಯ ಹೊಂಬಣ್ಣಕ್ಕೂ ಒಂದು ಹೆಸರಿದೆ. ಹಿಟ್ಟಿನ ಸಕ್ಕರೆ ಮತ್ತು ಅಮೈನೊ ಆಮ್ಲಗಳು ಹೆಚ್ಚು ಕಾವಿನಲ್ಲಿ ಸೇರಿ ಕಂದು ಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ. 1912ರಲ್ಲಿ ಇದನ್ನು ಬಣ್ಣಿಸಿದ ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್‌ನ ಹೆಸರು ಇದಕ್ಕೆ ಸಂದಿದೆ. ಹಬೆ 100 ಡಿಗ್ರಿಯಲ್ಲೇ ನಿಲ್ಲುವುದರಿಂದ ಇಡ್ಲಿ ಬೆಳ್ಳಗೆ, ಕಾವಲಿ ಅದನ್ನು ಮೀರುವುದರಿಂದ ದೋಸೆ ಕೆಂಪಗೆ. ಹಿಟ್ಟು ಹೆಚ್ಚುಕಡಿಮೆ ಒಂದೇ.

ಬೇಯದೆ ಬರುವ ಚಟ್ನಿ

ಈಗ ಚಟ್ನಿಯ ಸರದಿ. ಇಡ್ಲಿ ಬೆಂದಿದೆ, ದೋಸೆ ಬೆಂದಿದೆ, ಸಾಂಬಾರು ಕುದಿದಿದೆ. ತೆಂಗಿನಕಾಯಿ ಚಟ್ನಿಗೆ ಒಗ್ಗರಣೆ ಬೀಳುತ್ತದೆಯೇ ಹೊರತು ಅದು ಬೇಯುವುದಿಲ್ಲ. ಅದರಲ್ಲಿ ನೀರುಂಟು, ಪ್ರೋಟೀನುಂಟು, ಸಕ್ಕರೆಯುಂಟು. ಮನುಷ್ಯರಿಗೆ ರುಚಿಸುವುದು ಬ್ಯಾಕ್ಟೀರಿಯಾಗಳಿಗೂ ರುಚಿಸುತ್ತದೆ. ರುಬ್ಬಿದವರ ಕೈಯಿಂದಲೋ ಬೆರೆಸಿದ ನೀರಿನಿಂದಲೋ ನೂರು ಬ್ಯಾಕ್ಟೀರಿಯಾ ಬಂದು ಸೇರಿದವು ಎಂದುಕೊಳ್ಳಬಹುದು. ನೂರು ದೊಡ್ಡ ಸಂಖ್ಯೆಯೇನಲ್ಲ. ಬೆಚ್ಚಗಿನ ಹವೆಯಲ್ಲಿ ಅವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎಂದು ಲೆಕ್ಕಕ್ಕಾಗಿ ಹಿಡಿದರೆ, ಒಂದು ಗಂಟೆಯಲ್ಲಿ 400 ಆಗುತ್ತವೆ. ಏಳು ಗಂಟೆಯಲ್ಲಿ ಹದಿನಾಲ್ಕು ಸಲ ಇಮ್ಮಡಿಯಾಗಿ 16,38,400 ಆಗುತ್ತವೆ!

ಹೋಟೆಲಿನ ಮೇಜಿನ ಮೇಲಿನ ಚಟ್ನಿಗೂ ಮನೆಯ ಕಟ್ಟೆಯ ಮೇಲಿನ ಚಟ್ನಿಗೂ ಇರುವ ವ್ಯತ್ಯಾಸ ಇದು. ಗಿರಾಕಿ ಹೆಚ್ಚಿರುವ ಹೋಟೆಲಿನಲ್ಲಿ ರುಬ್ಬಿದ ಚಟ್ನಿ ಬೇಗ ಖರ್ಚಾಗಿ, ಮತ್ತೆ ಮತ್ತೆ ರುಬ್ಬುತ್ತಲೇ ಇರಬೇಕಾಗುತ್ತದೆ. ಪೊಟ್ಟಣದ ಚಟ್ನಿಯಾದರೋ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಕವರಿನಲ್ಲಿ ಕುಳಿತಿತ್ತು. ಬೇಯಿಸಿದ ಪದಾರ್ಥವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗೆ, ಬಿಸಿಯಾಗಿಡುವುದಾದರೆ 60 ಡಿಗ್ರಿಗಿಂತ ಮೇಲೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇಯದ ಚಟ್ನಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು.

"ವಾಸನೆ ಬಂದಿರಲಿಲ್ಲವಲ್ಲ?" ಎಂಬ ಅಮ್ಮನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಳಸಿದ ವಾಸನೆ ತರುವ ಜೀವಿಗಳು ಬೇರೆ, ಹೊಟ್ಟೆ ಕೆಡಿಸುವ ಜೀವಿಗಳು ಬೇರೆ ಇರಬಹುದು. ಕೈಯ ಗಾಯದಿಂದ, ಮೂಗಿನಿಂದ ಆಹಾರಕ್ಕೆ ಇಳಿಯುವ ಸ್ಟೆಫಿಲೊಕಾಕಸ್ ಆರಿಯಸ್, ಆರಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್, ಇವೆರಡೂ ವಾಂತಿ ತರುವ ವಿಷ ಬಿಡುತ್ತವೆ. ಕೆಲವೇ ಗಂಟೆಗಳಲ್ಲಿ ಪರಿಣಾಮ ತೋರುತ್ತವೆ. ಈ ವಿಷಗಳು ಸುಲಭಕ್ಕೆ ಬಿಸಿಗೆ ಬಗ್ಗುವುದಿಲ್ಲ. ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಉಳಿಯುತ್ತದೆ. ರಾತ್ರಿಯ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಮಕ್ಕಳ ಡಬ್ಬಿಗೆ ಚಿತ್ರಾನ್ನ ತುಂಬುವ ಮನೆಗಳು ಈ ಮಾತನ್ನು ನೆನಪಿಡಬೇಕು. ಉಳಿದ ಅನ್ನವನ್ನು ಬೇಗ ಆರಿಸಿ ಫ್ರಿಜ್ಜಿನಲ್ಲಿಟ್ಟಿದ್ದರೆ ಆ ಭಯ ಕಡಿಮೆ.

ಬಿಸಿನೀರೆಂಬ ಹೆಸರು

ಹೋಟೆಲಿಗೆ ಬಂದವರು "ಬಿಸಿನೀರು ಕೊಡಿ" ಎಂದು ಕೇಳಿ ಸಮಾಧಾನದಿಂದ ಕುಡಿಯುತ್ತಾರೆ. ಕುಡಿಯಲು ಹಿತವಾಗುವಷ್ಟು ಬೆಚ್ಚಗಿರುವ ಆ ನೀರು ಎಷ್ಟೋ ಸಲ ಅರ್ಧ ಕುದಿನೀರು, ಅರ್ಧ ನಲ್ಲಿನೀರು. ಕುದಿಸಿದ ನೀರು ಬೇರೆ, ಬೆಚ್ಚಗಿನ ನೀರು ಬೇರೆ. ನೀರು ಒಂದು ನಿಮಿಷ ಚೆನ್ನಾಗಿ ಮರಳಿದರೆ ಟೈಫಾಯ್ಡ್, ಕಾಲರಾ, ಕಾಮಾಲೆಯ ರೋಗಾಣುಗಳು ನಾಶವಾಗುತ್ತವೆ. ಆದರೆ ಅದನ್ನು ಬೇಗ ಆರಿಸಲು ಅರ್ಧ ಲೋಟ ನಲ್ಲಿನೀರು ಸುರಿದರೆ ಮಾಡಿದ ಕೆಲಸವೆಲ್ಲ ನೀರುಪಾಲು. ಹಣ್ಣಿನ ರಸಕ್ಕೆ ಹಾಕುವ ಮಂಜುಗಡ್ಡೆಯ ಕತೆಯೂ ಇಷ್ಟೇ. ತಣ್ಣಗಾದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ.

ಇಲ್ಲಿ ಕಾಲದ ಲೆಕ್ಕ ಇನ್ನೊಂದು ಬಗೆಯದು. ಹೆಪಟೈಟಿಸ್ ಎ ಎಂಬ ಕಾಮಾಲೆಯ ವೈರಸ್ಸು ದೇಹ ಸೇರಿ ಲಕ್ಷಣ ತೋರಲು 15ರಿಂದ 50 ದಿನ, ಸರಾಸರಿ ನಾಲ್ಕು ವಾರ ಹಿಡಿಯುತ್ತದೆ. ಟೈಫಾಯ್ಡಿಗೆ ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬೇಕು. ಇಂದು ಕಣ್ಣು ಹಳದಿಯಾದರೆ ನಿನ್ನೆಯ ಹೋಟೆಲನ್ನು ಬೈದು ಫಲವಿಲ್ಲ. ಕಳೆದ ತಿಂಗಳ ಜಾತ್ರೆಯ ಶರಬತ್ತನ್ನೋ ಶಾಲೆಯ ಟ್ಯಾಂಕನ್ನೋ ನೆನೆಯಬೇಕು. ಕೊನೆಗೆ ತಿಂದದ್ದರ ಮೇಲೆ ತಪ್ಪು ಹೊರಿಸುವುದು ಮನಸ್ಸಿನ ಸ್ವಭಾವ. ಒಂದಾದ ಮೇಲೆ ಇನ್ನೊಂದು ನಡೆಯಿತು ಎಂದಾಕ್ಷಣ ಮೊದಲನೆಯದರಿಂದಲೇ ಎರಡನೆಯದು ನಡೆಯಿತು ಎನ್ನುವಂತಿಲ್ಲ. ಪರೀಕ್ಷೆಯಲ್ಲಿ ಎರಡು ಅಂಕ ತರುವ ಮಾತಲ್ಲ ಇದು, ಆದರೆ ಜೀವನಪೂರ್ತಿ ಬೇಕಾಗುವ ಮಾತು.

ಚಮಚಗಳನ್ನು ಮುಳುಗಿಸಿಟ್ಟ ನೀರನ್ನೂ ನೋಡಬೇಕು. ಕೈ ಇಡಲಾಗದಷ್ಟು, 77 ಡಿಗ್ರಿಗೂ ಮೇಲೆ ಕಾದ ನೀರಿನಲ್ಲಿ ಅರ್ಧ ನಿಮಿಷ ಇದ್ದರೂ ತೊಳೆದ ಚಮಚ ಶುದ್ಧವಾಗುತ್ತದೆ. ಅದೇ ನೀರು ಆರಿ, ಉಗುರುಬೆಚ್ಚಗಾಗಿ, ಮೇಲೆ ಎಣ್ಣೆಯ ಕಣ ತೇಲುತ್ತಿದ್ದರೆ ಅದು ಬ್ಯಾಕ್ಟೀರಿಯಾಗಳಿಗೆ ಅಭ್ಯಂಜನದ ಕೊಳವಾಗುತ್ತದೆ. ಹಬೆಯಾಡುತ್ತಿದೆಯೇ ಇಲ್ಲವೇ ಎಂದು ನೋಡಲು ಉಷ್ಣತಾಮಾಪಕ ಬೇಕಿಲ್ಲ, ಕಣ್ಣು ಸಾಕು.

ಇಣುಕಿ ನೋಡುವ ಅವಕಾಶ

ಉಡುಪಿ ಸೀಮೆಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ 1924ರಲ್ಲಿ ಆರಂಭಿಸಿದ ಉಪಾಹಾರ ಮಂದಿರ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಯ ಅಭಾವವಾದಾಗ ರವೆ ಇಡ್ಲಿ ಹುಟ್ಟಿದ್ದು ಅಲ್ಲಿ ಎಂಬುದು ಹೆಸರಾದ ಸಂಗತಿ. ಅಷ್ಟು ಹೆಸರಾಗದ ಸಂಗತಿ ಇನ್ನೊಂದುಂಟು. ಯಜ್ಞನಾರಾಯಣ ಮಯ್ಯರು 1950ರ ದಶಕದ ಆರಂಭದಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ಶುಚಿತ್ವವನ್ನು ನೋಡಿ ಬಂದು, ತಟ್ಟೆ-ಲೋಟಗಳನ್ನು ಕಾವಿನಿಂದ ಶುದ್ಧಗೊಳಿಸುವ ಕ್ರಮವನ್ನು ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಬಹುದಿತ್ತು. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಶುರುವಾದ ಕೆಫೆ ದರ್ಶಿನಿ ಮತ್ತು ಅದರ ಮಾದರಿಯಲ್ಲಿ ಬಂದ ನೂರಾರು ದರ್ಶಿನಿಗಳು ಈ ಮರೆಯನ್ನು ಇನ್ನಷ್ಟು ಸರಿಸಿದವು. ನಿಂತು ತಿನ್ನುವವನ ಕಣ್ಣೆದುರೇ ಇಡ್ಲಿಯ ಅಟ್ಟ, ದೋಸೆಯ ಕಾವಲಿ. ನೋಡುವ ಕಣ್ಣಿದ್ದಲ್ಲಿ ಕೈ ತಾನಾಗಿ ಶುದ್ಧವಾಗಿರುತ್ತದೆ.

ಒಳಗೆ ಯಾರು ಬರಬಹುದು ಎಂಬ ಪ್ರಶ್ನೆಯೂ ಒಂದು ಕಾಲಕ್ಕೆ ಇತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿಯಿತ್ತು. ದಲಿತರಿಗೆ ಬಾಗಿಲೇ ತೆರೆಯುತ್ತಿರಲಿಲ್ಲ, ತೆರೆದಲ್ಲಿ ಲೋಟ ಬೇರೆ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿ, ಅಂಗಡಿ, ಉಪಾಹಾರ ಗೃಹ, ಹೋಟೆಲುಗಳಿಗೆ ಪ್ರವೇಶಿಸುವುದನ್ನು ಜಾತಿ, ಧರ್ಮದ ಕಾರಣದಿಂದ ಯಾರಿಗೂ ತಡೆಯುವಂತಿಲ್ಲ ಎಂದು ಸಾರಿತು. ಇಡ್ಲಿ ತಿನ್ನುವ ಹಕ್ಕಿಗೂ ಸಂವಿಧಾನದಲ್ಲಿ ಒಂದು ಸಾಲಿದೆ ಎಂಬುದನ್ನು ಮಕ್ಕಳು ತಿಳಿಯಬೇಕು. ರೋಗಾಣು ಕೈ ತೊಳೆದಿದೆಯೇ ಇಲ್ಲವೇ ಎಂದು ನೋಡುತ್ತದೆ, ಜಾತಿ ನೋಡುವುದಿಲ್ಲ.

ಬಣ್ಣ, ಎಣ್ಣೆ, ಕಾಗದ

ಮೂರು ಗಂಟೆಯಲ್ಲಿ ವಾಂತಿ ತರುವ ಚಟ್ನಿ ಕಾಣುವ ಶತ್ರು. ಅಂದೇ ಏನನ್ನೂ ತೋರದ ಶತ್ರುಗಳೂ ಇವೆ. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಮುತ್ತುವ ಗೋಬಿ ಮಂಚೂರಿಯ ಕೆಂಬಣ್ಣವನ್ನೇ ತೆಗೆದುಕೊಳ್ಳಬಹುದು. 2024ರಲ್ಲಿ ರಾಜ್ಯ ಸರ್ಕಾರ ಪರೀಕ್ಷೆ ಮಾಡಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಕೃತಕ ಬಣ್ಣಗಳಿಂದಾಗಿ ಅಸುರಕ್ಷಿತ ಎಂದಾಯಿತು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವಾಗಿದ್ದವು. ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣ ಅದರಲ್ಲಿ ಸಿಕ್ಕಿತು. ಆ ವರ್ಷದ ಮಾರ್ಚಿಯಲ್ಲಿ ಇವೆರಡರಲ್ಲೂ, ಜೂನಿನಲ್ಲಿ ಕಬಾಬಿನಲ್ಲೂ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಲಾಯಿತು. ಹೂಕೋಸು ಬಿಳಿ, ಮೈದಾ ಬಿಳಿ, ಜೋಳದ ಹಿಟ್ಟು ಬಿಳಿ. ಮೆಣಸಿನಪುಡಿ ಕೊಡುವುದು ಇಟ್ಟಿಗೆಯಂಥ ಮಂಕು ಕೆಂಪನ್ನು. ತಟ್ಟೆಯಲ್ಲಿ ಕುಂಕುಮದಂತೆ ಹೊಳೆಯುವ ಕೆಂಪು ಎಲ್ಲಿಂದ ಬಂತು ಎಂದು ಮಕ್ಕಳೇ ಕೇಳಿಕೊಳ್ಳಬೇಕು.

ಎಣ್ಣೆಯ ಮಾತೂ ಹಾಗೆಯೇ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರ ಅಣುಗಳು ಒಡೆದು ಧ್ರುವೀಯ ಸಂಯುಕ್ತಗಳಾಗುತ್ತವೆ. ಇವುಗಳ ಒಟ್ಟು ಪ್ರಮಾಣ ನೂರಕ್ಕೆ 25ನ್ನು ಮೀರಿದರೆ ಆ ಎಣ್ಣೆಯನ್ನು ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಗೆ ಬಂದಿತು. ಕಪ್ಪಗಾಗಿ, ಮಂದವಾಗಿ, ನೊರೆ ಕಟ್ಟಿ, ಬೇಗ ಹೊಗೆಯಾಡುವ ಎಣ್ಣೆ ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ಇನ್ನು ವಡೆ, ಬೋಂಡ ಕಟ್ಟುವ ಪತ್ರಿಕೆಯ ಕಾಗದ. ಬಿಸಿ ಎಣ್ಣೆ ಅಚ್ಚಿನ ಶಾಯಿಯನ್ನು ಕರಗಿಸಿ ತಿಂಡಿಗೆ ಸಾಗಿಸುತ್ತದೆ. ಪತ್ರಿಕೆಯಲ್ಲಿ ಆಹಾರ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಎಚ್ಚರಿಸಿತು, 2023ರಲ್ಲಿ ಮತ್ತೆ ಎಚ್ಚರಿಸಿತು. ಈ ಪುಟಕ್ಕೂ ಆ ಮಾತು ಅನ್ವಯಿಸುತ್ತದೆ. ಓದಲು ಮಾತ್ರ ಇದು, ಬೋಂಡ ಹಿಂಡಲು ಅಲ್ಲ.

ಲೋಟ ತೊಳೆದ ಕೈ

ಹೋಟೆಲಿನ ಶುಚಿತ್ವದ ವಿಚಾರ ಕೊನೆಗೆ ಬಂದು ನಿಲ್ಲುವುದು ಮನುಷ್ಯರ ಕೈಯ ಮೇಲೆ. ಆಹಾರ ಮುಟ್ಟುವ ನೌಕರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯಾಗಬೇಕು, ಟೈಫಾಯ್ಡ್ ಜಾತಿಯ ರೋಗಗಳ ವಿರುದ್ಧ ಲಸಿಕೆಯಾಗಬೇಕು, ಕಾಯಿಲೆಯಿದ್ದವರು ಅಡುಗೆಮನೆಗೆ ಬರಬಾರದು ಎಂದು ನಿಯಮ ಹೇಳುತ್ತದೆ. ಭೇದಿಯಾದ ದಿನ ಮಾಣಿ ಕೆಲಸಕ್ಕೆ ಬರದಿದ್ದರೆ ಅವನ ಆ ದಿನದ ಕೂಲಿ ಹೋಗುತ್ತದೆಯೇ? ಹೋಗುವುದಾದರೆ ಅವನು ಬಂದೇ ಬರುತ್ತಾನೆ, ಲೋಟದೊಳಗೆ ಬೆರಳಿಟ್ಟು ನೀರು ತರುತ್ತಾನೆ. ರಜೆ, ಸಾಬೂನು, ನೀರು ಬರುವ ನಲ್ಲಿ, ಇವು ನೌಕರರಿಗೆ ಸಿಕ್ಕರೆ ಅದರ ಫಲ ಗಿರಾಕಿಯ ಮಕ್ಕಳಿಗೂ ಸಿಗುತ್ತದೆ.

ಒಂದು ಕಾಲಕ್ಕೆ ಆ ಕೈಗಳೂ ಮಕ್ಕಳ ಕೈಗಳೇ ಆಗಿದ್ದವು. ಕರಾವಳಿಯಿಂದ ಮುಂಬಯಿಗೆ ಬಸ್ಸು ಹತ್ತಿದ ಎಷ್ಟೋ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಅಲ್ಲಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕುಳಿತು ಓದಿ ಮೇಲೆ ಬಂದರು. ಅವರ ಛಲ ದೊಡ್ಡದು. ಆದರೆ ಯಾವ ಮಗುವಿಗೂ ಅಂಥ ಛಲದ ಅಗತ್ಯ ಬೀಳಬಾರದು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಗಿದೆ. ಮೇಜು ಒರೆಸುತ್ತಿರುವ ಹುಡುಗ ತಮ್ಮದೇ ತರಗತಿಯ ವಯಸ್ಸಿನವನಂತೆ ಕಂಡರೆ ಮಕ್ಕಳು ತಟ್ಟೆಯಿಂದ ತಲೆಯೆತ್ತಿ ಅಪ್ಪ-ಅಮ್ಮನಿಗೆ ಹೇಳಬೇಕು.

ಹುಡುಗ ಎರಡು ದಿನದಲ್ಲಿ ಚೇತರಿಸಿಕೊಂಡ. ಹೋಟೆಲಿನವರನ್ನು ವಿಚಾರಿಸಿಕೊಳ್ಳಬೇಕೆಂದಿದ್ದ ಅಪ್ಪ ಮಗಳ ಪಟ್ಟಿ ನೋಡಿ ಸುಮ್ಮನಾದರು. ಮುಂದಿನ ತಿಂಗಳ ಮೊದಲ ಭಾನುವಾರ ನಾಲ್ವರೂ ಅದೇ ಮೂಲೆಯ ಮೇಜಿಗೆ ಹೋದರು. ಮಗಳು ಗಲ್ಲಾದ ಹತ್ತಿರ ಹೋಗಿ, "ಮಾಮ, ಚಮಚದ ನೀರು ಆರಿಹೋಗಿದೆ" ಎಂದಳು. ಗಲ್ಲಾದ ಮೇಲಿದ್ದವರು ಒಂದು ಕ್ಷಣ ಅವಳ ಮುಖ ನೋಡಿ, ಒಳಗೆ ತಿರುಗಿ, "ಏಯ್, ಚಮಚಕ್ಕೆ ಕುದಿಯೋ ನೀರು ತನ್ನಿ" ಎಂದು ಕೂಗಿದರು.

ಹೊರಡುವಾಗ ಮಾಣಿ ವಾಡಿಕೆಯಂತೆ ಕೇಳಿದ, "ಅಜ್ಜಿಗೆ ಪಾರ್ಸೆಲ್ ಕಟ್ಟಲಾ ಅಮ್ಮ?"

ಅಮ್ಮ ಕೈಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಮುಂದಿಟ್ಟರು. "ಇದಕ್ಕೆ ಇಡ್ಲಿ ಮಾತ್ರ ಹಾಕಪ್ಪ. ಚಟ್ನಿ ಮನೇಲೇ ರುಬ್ಕೋತೀನಿ."